ಎರಡು ಜೀವಕ್ಕೆ ಎರಡು ಮುದ್ದೆ

ಮದ್ದೂರಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿಕೊಂಡ ನರ್ಸಮ್ಮ ಯಾವ ಬಸುರಿಯನ್ನೂ ಗದರುತ್ತಿರಲಿಲ್ಲ. ಫೋನನ್ನು ಸೆರಗಿನಲ್ಲಿ ಒರೆಸಿ, "ಒಂದಾಟ ಆಡವ್ವ" ಎಂದು ಕೊಡುತ್ತಿದ್ದರು. ಅದರಲ್ಲೊಂದು ಖಾಲಿ ತಟ್ಟೆ, ಪಕ್ಕದಲ್ಲಿ ಹೊಟ್ಟೆಯೊಳಗಿನ ಕೂಸು. ಹದವಾಗಿ ಬಡಿಸಿದರೆ ಕೂಸು ನಗುತ್ತದೆ, ಹೆಚ್ಚಾದರೆ ಅಳುತ್ತದೆ.

ಬಸುರಿನಲ್ಲಿ ನನಗೆ ಸಕ್ಕರೆ ಕಾಯಿಲೆ ಬಂದಿತ್ತು. ಹಿಂದೆ ಒಂದು ಕೂಸನ್ನು ಕಳೆದುಕೊಂಡವಳು ನಾನು. ಆದರೂ ಎರಡು ಜೀವಕ್ಕೆಂದು ಎರಡು ಮುದ್ದೆ ಬಡಿಸದಿದ್ದರೆ ಅತ್ತೆಗೆ ಸಮಾಧಾನವಿಲ್ಲ. ಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಇದು ತಿಳಿದ ದಿನ ನರ್ಸಮ್ಮ ಫೋನನ್ನು ನನ್ನ ಜೊತೆ ಬಂದಿದ್ದ ಅತ್ತೆಯ ಕೈಗಿಟ್ಟರು.

"ಉಣ್ಣೋಳು ಆಡಿದ್ರೆ ಏನ್ ಬಂತು? ಬಡ್ಸೋರು ನೀವು, ಒಂದಾಟ ಆಡಿ ಕಣಮ್ಮ."

ಅತ್ತೆ ಎರಡು ಮುದ್ದೆ ಇಟ್ಟರು. ಕೂಸು ಅತ್ತಿತು.

"ಇದ್ಯಾಕವ್ವ ಅಳ್ತದೆ? ಸಾಲ್ದೇನೋ" ಎಂದು ಮೂರನೆಯದನ್ನೂ ಇಟ್ಟರು. ಅಳು ಜೋರಾಯಿತು.

"ಒಟ್ಟೆ ಅಸ್ದು ಅಲ್ಲ ಕಣಮ್ಮ, ಎಚ್ಚಾಗಿ ಅಳ್ತದೆ. ತಗೀರಿ" ಎಂದು ನರ್ಸಮ್ಮ ನಕ್ಕರು.

ಅತ್ತೆ ಒಂದೊಂದೇ ತೆಗೆದು, ಅರ್ಧ ಮುದ್ದೆ ಉಳಿಸಿ, ಸೊಪ್ಪು, ಕಾಳು ಹಾಕಿದರು. ಕೂಸು ನಕ್ಕಿತು. ಅತ್ತೆ ಫೋನಿಗೇ ಲಟಿಕೆ ಮುರಿದು ದೃಷ್ಟಿ ತೆಗೆದರು. ಮನೆಯಲ್ಲೂ ಅಂದಿನಿಂದ ಅರ್ಧವೇ ಬಡಿಸಿದರು.

ದೇವರ ದಯೆ, ಮಗಳು ಸುಖವಾಗಿ ಹುಟ್ಟಿದಳು. ನರ್ಸಮ್ಮನಿಗೆ ವರ್ಗವಾಯಿತು, ಎಲ್ಲಿದ್ದರೂ ತಣ್ಣಗಿರಲಿ. ಈಗಲೂ ಮಗಳು ಅತ್ತರೆ ಅತ್ತೆ ಮೊದಲು ನನ್ನ ತಟ್ಟೆ ನೋಡುತ್ತಾರೆ.