ಲಿಫ್ಟಿನಲ್ಲಿ ಅತ್ತರು

ಅತ್ತರು ಹಚ್ಚದೆ ಹೊರಬಿದ್ದರೆ ಅಂಗಿಯನ್ನೇ ಮರೆತು ಬಂದಷ್ಟು ಸಂಕೋಚಪಡುವ ಮನುಷ್ಯ ನಾನು. ಗೋರೆಗಾಂವ್‌ನಲ್ಲಿ ಹಚ್ಚಿಕೊಂಡದ್ದು ಮಲಾಡ್‌ನಲ್ಲಿ ಲೋಕಲ್ ರೈಲು ಇಳಿಯುವಷ್ಟರಲ್ಲಿ ನನ್ನ ಮೂಗಿಗೇ ತಿಳಿಯುತ್ತಿರಲಿಲ್ಲ. ಹಾಗಾಗಿ ಆಫೀಸಿನ ಬಿಲ್ಡಿಂಗ್ ಕೆಳಗೆ ನಿಂತು ಇನ್ನೊಂದಿಷ್ಟು ಹಚ್ಚಿಕೊಳ್ಳುತ್ತಿದ್ದೆ. ಅದು ಪರೋಪಕಾರವೆಂದೇ ನನ್ನ ನಂಬಿಕೆ.

ಒಂದು ಸೋಮವಾರ ಲಿಫ್ಟಿನಲ್ಲಿ ನಾನು ಮತ್ತು ಸ್ನೇಹಾ ಇಬ್ಬರೇ. ನಮ್ಮ ಆಫೀಸಿನಲ್ಲಿ ಕಿಟಕಿ ಪಕ್ಕದ ಜಾಗವನ್ನು ಕೇಳಿ ಪಡೆದ ಹುಡುಗಿ. ವಿಜಯಪುರದವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ ಜೋಗೇಶ್ವರಿಯಲ್ಲಿ. ನಾಲ್ಕನೇ ಮಹಡಿ ದಾಟುತ್ತಲೇ ಲಿಫ್ಟ್ ನಿಂತುಬಿಟ್ಟಿತು. "ಈಗ ಹೊಂಡತೈತಿ, ಅಂಜಬ್ಯಾಡವಾ" ಎನ್ನುವಷ್ಟರಲ್ಲಿ ಅವಳ ಎದೆಯಿಂದ ಸುಂಯ್ ಎಂಬ ಸದ್ದು. ಬ್ಯಾಗ್ ತಡಕಾಡಿ ಇನ್‌ಹೇಲರ್ ತೆಗೆದಳು. ನಾನು ಗಾಳಿ ಬೀಸಲು ಕರವಸ್ತ್ರ ಬಿಡಿಸಿದೆ. ಅವಳು ಕೈಯಡ್ಡ ಹಿಡಿದು ಮೂಲೆಗೆ ಸರಿದಳು. ಕರವಸ್ತ್ರಕ್ಕೂ ಅತ್ತರು ಹಚ್ಚಿದ್ದೆ.

ಭೂಮಿಯ ಗುಣವೇ ಗಂಧ ಎನ್ನುತ್ತಾರೆ ತರ್ಕ ಓದಿದವರು. ಭೂಮಿಗಾದರೆ ಬಯಲಿದೆ, ಲಿಫ್ಟಿಗೆ ಎಲ್ಲಿದೆ? ಬೇಡದ್ದು ಕಂಡರೆ ಕಣ್ಣು ಮುಚ್ಚಬಹುದು, ಮೂಗು ಮುಚ್ಚಿ ಎಷ್ಟು ಹೊತ್ತು ಇರುವುದು? ಅವಳನ್ನು ಬಾಗಿಲ ಸಂದಿಯ ಬಳಿ ನಿಲ್ಲಿಸಿ ನಾನು ಹಿಂದಿನ ಗೋಡೆಗೆ ಅಂಟಿಕೊಂಡೆ. ಲಿಫ್ಟ್ ಮತ್ತೆ ಹೊರಡಲು ಐದೇ ನಿಮಿಷ ಹಿಡಿದಿರಬೇಕು. ಅವಳ ಒಂದೊಂದು ಉಸಿರಿಗೂ ಮುಂದಿನದು ಬರುತ್ತದೋ ಇಲ್ಲವೋ ಎಂದು ಕಾದೆ.

ಮಧ್ಯಾಹ್ನ ಅವಳು ಸುಧಾರಿಸಿಕೊಂಡ ಮೇಲೆ ಕೇಳಿದೆ. "ನನ್ನ ಅತ್ತರಿಂದ ಹಿಂಗಾತೇನವಾ?"

"ಅಂಕಲ್, ಬುರಾ ಮತ್ ಮಾನ್ನಾ, ತಪ್ಪು ತಿಳ್ಕೋಬ್ಯಾಡ್ರಿ. ಹೌದು. ಅದಕ್ಕೇ ನಾ ರೋಜ್ ಮೆಟ್ಟಿಲು ಹತ್ತಿ ಬರ್ತೀನಿ. ಇವತ್ತು ಕಾಲು ನೋವಿತ್ತು."

"ಮೊದಲ ಯಾಕ ಹೇಳಲಿಲ್ಲ?"

"ಎಷ್ಟು ಶೌಕ್‌ದಿಂದ ಹಚ್ಕೋತೀರಿ. ಕೈಸೇ ಬೋಲೂಂ, ಹೆಂಗ ಹೇಳ್ಲಿ?"

ಆರು ಮಹಡಿ. ಅವಳು ಉಬ್ಬಸದ ಎದೆ ಹೊತ್ತು ಹತ್ತುತ್ತಿದ್ದಾಗ ನಾನು ಲಿಫ್ಟಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ.

ಅಂದೇ ಸಂಜೆ ಬೀರುವಿನ ಅಂಗಿಗಳನ್ನೆಲ್ಲ ಎರಡೆರಡು ಸಲ ಒಗೆದೆ. ಆಮೇಲೆ ಬೇರೆ ದಿಗಿಲು ಹತ್ತಿಕೊಂಡಿತು: ತಲೆಗೆ ಹಚ್ಚುವ ಎಣ್ಣೆ? ಗಡ್ಡದ ಸೋಪು? ಲಿಫ್ಟ್ ಹತ್ತಲು ಧೈರ್ಯ ಸಾಲದೆ ಮೂರು ದಿನ ನಾನೇ ಮೆಟ್ಟಿಲು ಹಿಡಿದೆ. ನಾಲ್ಕನೆಯ ದಿನ ಸ್ನೇಹಾ ಲಿಫ್ಟಿನ ಬಾಗಿಲು ಹಿಡಿದು, "ಬರ್ರಿ ಅಂಕಲ್" ಎಂದು ಕರೆದಳು. ಆರನೇ ಮಹಡಿಯವರೆಗೂ ಅವಳ ಉಸಿರು ಸಲೀಸಾಗಿತ್ತು. ಬಿಗಿಹಿಡಿದದ್ದು ನನ್ನದು. ಕೊನೆಗೆ ಕೇಳಿಯೇಬಿಟ್ಟೆ, "ಈಗ ಬೆವರಿನ ವಾಸನಿ ಬರತೈತೇನು?"

"ಥೋಡಾ ಬರ್ತದ ಅಂಕಲ್," ಎಂದಳು. "ಚಲ್ತಾ ಹೈ. ಅದರಿಂದ ಉಸಿರು ಕಟ್ಟಂಗಿಲ್ಲ."

ಅಷ್ಟನ್ನು ನನ್ನ ಮುಖಕ್ಕೇ ಹೇಳುವ ಸಲಿಗೆ ಅವಳಿಗೆ ಬಂತಲ್ಲ ಎಂದು ನಾನೂ ಉಸಿರು ಬಿಟ್ಟೆ.