ಚೌಕಗಳಾಗಿ ಹೋದ ಸಾವಿನ ಸುದ್ದಿ

ಅಂದು ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ನಮ್ಮ ಯಜಮಾನರು ಒಲೆಯ ಪಕ್ಕದಲ್ಲೇ ನಿಂತು ಕಾಫಿ ಕುಡಿಯುತ್ತಿದ್ದರು. ಮೇಲಿನ ಮನೆಯ ಕಡೆಯಿಂದ, ನಮ್ಮಲ್ಲಿ ಸಾವನ್ನು ಸಾರಲು ಹಾರಿಸುವ ಕೋವಿಯ ಸದ್ದು ಕೇಳಿತು. ಅಲ್ಲಿ ಹಾಸಿಗೆ ಹಿಡಿದಿದ್ದ ಅಜ್ಜಿ ಹೋದರೆಂದು ತಿಳಿದು ಒಲೆ ಆರಿಸಿದೆ.

ಹತ್ತಿರದವರಿಗೆ ಆ ಸದ್ದೇ ಸಾಕು. ದೂರದ ನೆಂಟರಿಗೆ ಹಿಂದೆಲ್ಲ ಆಳು ಹೋಗಿ ಹೇಳಿಬರುತ್ತಿದ್ದ. ಈಗ ಊರಿನ ಸಂಘದ ಕಂಪ್ಯೂಟರಿನಿಂದ ಎಲ್ಲರ ಫೋನಿಗೂ ಕನ್ನಡದಲ್ಲಿ ಸುದ್ದಿ ಹೋಗಲೆಂದು ಯಜಮಾನರೇ ಪ್ರೋಗ್ರಾಂ ಬರೆದುಕೊಟ್ಟಿದ್ದರು. ಪರೀಕ್ಷಿಸಿದ್ದು ಮಾತ್ರ ನಮ್ಮ ಮನೆಯ ಕಂಪ್ಯೂಟರಿನಲ್ಲಿ. ಸಂಘದಿಂದ ಹೊರಟ ಮೊದಲ ಸುದ್ದಿ ಇದೇ.

ಅಜ್ಜಿಗೆ ಒಡಹುಟ್ಟಿದವರೆಂದು ಉಳಿದಿದ್ದುದು ಬಾಳೆಲೆ ಎಂಬ ಊರಿನಲ್ಲಿದ್ದ ತಂಗಿ ಒಬ್ಬರೇ. ಅವರು ಬಂದು ಅಕ್ಕನ ಬಾಯಿಗೆ ನೀರು ಬಿಡಲೆಂದು ಹಿರಿಯರು ಕಾದರು. ಊಟದ ಹೊತ್ತು ಮೀರಿದರೂ ಬರಲಿಲ್ಲ. ನಾನೇ ಆ ತಂಗಿಗೆ ಫೋನ್ ಮಾಡಿದೆ.

“ಸುದ್ದಿ ಬರಲಿಲ್ವಾ ಅಜ್ಜಿ?”

“ಏನೋ ಬಂದಿತ್ತು ಮಗಳೆ, ಬರೀ ಚೌಕ ಚೌಕ. ಕಂಪನಿಯವರದ್ದು ಅಂತ ಬಿಟ್ಟೆ. ಯಾಕೆ, ಅಕ್ಕನಿಗೆ ಜಾಸ್ತಿಯಾ?”

ಹೇಳಿದೆ. ಜೀಪು ತೆಗೆಯಲು ಅವರು ಯಾರನ್ನೋ ಕೂಗಿದ್ದು ಕೇಳಿತು.

“ಎತ್ತಬೇಡಿ ಅಂತ ಹೇಳು. ನಾನು ಬಂದೆ.”

ಸುದ್ದಿ ಹೋಗಿದೆಯೆಂದು ನಂಬಿ ಮೇಲಿನ ಮನೆಯವರು ಯಾರೂ ಫೋನ್ ಮಾಡಿರಲಿಲ್ಲ. ನಮ್ಮೆಲ್ಲರ ಫೋನುಗಳಲ್ಲೂ ಅವೇ ಚೌಕಗಳಿದ್ದವು. ಕೋವಿಯ ಸದ್ದು ಕೇಳಿದ ಮೇಲೆ ಯಾರು ತೆರೆದು ನೋಡುತ್ತಾರೆ?

ಕತ್ತಲಾಗುವ ಮೊದಲು ಮುಗಿಸಲೇಬೇಕಿತ್ತು. ತಂಗಿ ಜೀಪಿನಿಂದ ಇಳಿದಾಗ ಚಿತೆಗೆ ಬೆಂಕಿ ಕೊಟ್ಟಾಗಿತ್ತು. ಅವರ ಒಂದು ಚಪ್ಪಲಿಯ ಪಟ್ಟಿ ಹಾಕಿರಲಿಲ್ಲ. ಯಜಮಾನರು ಹತ್ತಿರ ಹೋಗಿ ನಿಂತರು. ಹಾಗೆಯೇ ತಿರುಗಿ ಬಂದರು.

ಮನೆಗೆ ಬಂದು ಸ್ನಾನ ಮುಗಿಸಿದ ಯಜಮಾನರು ನೇರ ಕಂಪ್ಯೂಟರಿನ ಮುಂದೆ ಕೂತರು. ನಾನು ಕೇಳಿದ್ದಕ್ಕೆ ಬಿಡಿಸಿ ಹೇಳಿದರು. ಕನ್ನಡದಂಥ ಲಿಪಿಗಳಿಗೆಂದು ಆ ಪ್ರೋಗ್ರಾಂ ಭಾಷೆಯಲ್ಲಿ ‘ಅಗಲ ಅಕ್ಷರ’ ಎಂಬ ಬಗೆಯೊಂದಿದೆ. ಅದು ಎಷ್ಟು ಅಗಲ, ಒಳಗೆ ಯಾವ ಸಂಕೇತ ಎಂಬುದನ್ನು ನಿಯಮ ಬರೆದವರು ಆಯಾ ಯಂತ್ರಕ್ಕೇ ಬಿಟ್ಟಿದ್ದಾರೆ. ನಮ್ಮ ಮನೆಯದು ಎರಡು ಬೈಟ್ ಅಳತೆಯದು, ಸಂಘದ್ದು ನಾಲ್ಕು. ಎರಡೆಂದೇ ಲೆಕ್ಕ ಹಾಕಿ ಬರೆದಿದ್ದರಿಂದ ಸಂಘದ ಯಂತ್ರದಿಂದ ಹೊರಟ ಅಕ್ಷರಗಳು ಚೌಕಗಳಾಗಿದ್ದವು. ಕಾನ್ವೆಂಟಿನಲ್ಲಿ ಸಿಸ್ಟರ್ ಇಡೀ ಕ್ಲಾಸಿಗೆ ಒಂದೇ ಬಗೆಯ ನಾಲ್ಕು ಗೆರೆಯ ಪುಸ್ತಕ ಕೊಡುತ್ತಿದ್ದುದು ನನಗೆ ನೆನಪಾಯಿತು. ಎಲ್ಲ ಯಂತ್ರಕ್ಕೂ ಒಂದೇ ಅಳತೆ, ಒಂದೇ ಸಂಕೇತ ಎಂದು ನಿಗದಿಪಡಿಸಿ ಎಂದು ಆ ಪ್ರೋಗ್ರಾಂ ಭಾಷೆಯ ನಿಯಮ ಬರೆಯುವ ಸಮಿತಿಗೆ ಯಜಮಾನರು ಬರೆಯತೊಡಗಿದ್ದರು. ಅಜ್ಜಿಯ ತಂಗಿಯ ವಿಷಯವನ್ನೂ ಸೇರಿಸಿದರು, ಅಳಿಸಿದರು, ಮತ್ತೆ ಸೇರಿಸಿದರು.

ಸಾವಿನ ಮನೆಗೆ ಕಳಿಸಲೆಂದು ನಾನು ಮಾಡಿಟ್ಟ ಗಂಜಿ ಒಯ್ಯಲು ಕೆಳಗಿನ ಮನೆಯವಳು ಬಂದಳು. ಪರದೆಯ ಕಡೆ ಇಣುಕಿದಳು.

“ಇಷ್ಟುದ್ದ ಯಾರಿಗೆ ಬರೀತಿದ್ದೀರಣ್ಣ? ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ,” ಎಂದು ಪಾತ್ರೆ ಎತ್ತಿಕೊಂಡು ಹೊರಟಳು.