ಜ್ವರಕ್ಕೆ ಕೂತ ಹುಳುಗಳಿಗೊಂದು ಬೈಕು

ಮಡಕಶಿರದ ಹಿಂದೂಪುರ ರಸ್ತೆಯಲ್ಲಿರುವ ಎರ್ರಿಸ್ವಾಮಿಯ ಗ್ಯಾರೇಜಿಗೆ ಬೋರ್ಡಿಲ್ಲ. ಬೇಕಾಗಿಯೂ ಇಲ್ಲ, ಸುತ್ತಲಿನ ಕೊರಿಯರ್ ಕೆಲಸದವರೆಲ್ಲ ಅವನ ಗಿರಾಕಿಗಳೇ. ಅವನು ಹುಟ್ಟಿದ್ದು, ಕೆಲಸ ಕಲಿತದ್ದು ರಾಯದುರ್ಗದಲ್ಲಿ. ಅಲ್ಲಿ ಹೊಲಿದ ಪ್ಯಾಂಟುಗಳ ಗಂಟು ಹೇರಿಕೊಂಡು ಬಳ್ಳಾರಿಗೆ ಹೋಗುವವರಿಗೆ ತಕ್ಕ ಗಾಡಿ ಆರಿಸಿಕೊಡುವುದು, ಆಮೇಲೆ ಅದನ್ನು ಹೊರೆಗೆ ಪಳಗಿಸುವುದು ಅವನ ವಿದ್ಯೆ. ಸ್ಪ್ರಿಂಗು ಬಿಗಿ ಮಾಡುತ್ತಿದ್ದ, ಕ್ಯಾರಿಯರಿಗೆ ಇನ್ನೊಂದು ಕಂಬಿ ಬೆಸೆಯುತ್ತಿದ್ದ, ಚಕ್ರಕ್ಕೆ ದಪ್ಪ ಕಡ್ಡಿ ಹಾಕುತ್ತಿದ್ದ. ಮದುವೆಯಾದ ಮೇಲೆ ಹೆಂಡತಿ ಕದರಮ್ಮನ ಕಡೆಯವರು ಕರೆದರೆಂದು ಮಡಕಶಿರಕ್ಕೆ ಬಂದ. ಇಲ್ಲಿಯೂ ಅದೇ ಕೆಲಸ. ಮೂವತ್ತು ವರ್ಷದಿಂದ ಅವನ ಕೈ ಮಾಡುತ್ತ ಬಂದದ್ದು ಗಟ್ಟಿ ಮಾಡುವುದೊಂದನ್ನೇ.

ಹೋದ ವರ್ಷ ಜನವರಿಯಲ್ಲಿ ವನಿತಾ ಬಂದು ನಿಂತಳು. ಊರಿನ ಮನೆಮನೆಗೆ ಸ್ಕೂಟಿಯಲ್ಲಿ ಪಾರ್ಸೆಲ್ ಹಂಚುವವಳು, ಗುರುತಿನವಳೇ.

"ಅಣ್ಣ, ನಂಗೊಂದು ಬೈಕು ನೋಡಿಕೊಡು. ಸೆಕೆಂಡ್ ಹ್ಯಾಂಡಾದ್ರೂ ಆಯ್ತು."

"ಎಷ್ಟು ತೂಕ ಹೊರಬೇಕವ್ವ?"

"ಎಂಟು ಕೆಜಿ ಬರಬೋದು."

ಎರ್ರಿಸ್ವಾಮಿ ನಕ್ಕುಬಿಟ್ಟ. "ಎಂಟು ಕೆಜಿಗೆ ಬೈಕ್ ಯಾಕ? ನಿನ್ನ ಸ್ಕೂಟಿಗೆ ಏನಾಗೈತಿ?"

"ಎಂಟೇ ಕೆಜಿ ಕಣಣ್ಣ. ಆದ್ರೆ ನಲವತ್ತು ಸಾವಿರ ಜೀವ."

ಅವನ ನಗು ಅರ್ಧಕ್ಕೇ ನಿಂತಿತು. ವನಿತಾ ಬಿಡಿಸಿ ಹೇಳಿದಳು. ಊರಾಚೆ ಲಕ್ಷ್ಮಕ್ಕ ಎಂಬವರ ಚಾಕಿ ಕೇಂದ್ರವಿದೆ. ರೇಷ್ಮೆ ಹುಳುಗಳನ್ನು ಮೊಟ್ಟೆಯೊಡೆದಾಗಿನಿಂದ ಒಂದು ವಾರ ಸಾಕಿ, ಆಮೇಲೆ ರೈತರಿಗೆ ಕೊಡುವ ಜಾಗ ಅದು. ಹತ್ತು ಜನ ರೈತರು ಒಟ್ಟಿಗೆ ಕೇಳಿದರೆ ಜೀಪು ಹೋಗುತ್ತದೆ. ದೂರದ ಹಟ್ಟಿಯಲ್ಲಿ ಒಬ್ಬನೇ ರೈತನಿದ್ದರೆ ಯಾರೂ ಹೋಗುವುದಿಲ್ಲ. ಆಟೋದಲ್ಲಿ ಕಳಿಸಿದರೆ ಕುಲುಕಾಟಕ್ಕೆ ಹುಳು ಹಾಳು, ಸ್ಕೂಟಿಯ ಸಣ್ಣ ಚಕ್ರದಲ್ಲೂ ಹಾಗೇ. ಆ ಹಟ್ಟಿಗಳಿಗೆ ಹುಳು ಒಯ್ಯುವ ಕೊರಿಯರ್ ಕೆಲಸವನ್ನು ಲಕ್ಷ್ಮಕ್ಕ ತನಗೆ ಕೊಡುತ್ತಾರಂತೆ, ಗಾಡಿ ಸರಿಯಿದ್ದರೆ ಮಾತ್ರ.

"ಹೊರೋ ಸಾಮಾನು ನೋಡದೆ ನಾನು ಗಾಡಿ ಹೇಳಂಗಿಲ್ಲ," ಎಂದ ಎರ್ರಿಸ್ವಾಮಿ. "ನಡಿ, ತೋರಿಸು."

ಕೇಂದ್ರದ ಬಾಗಿಲಲ್ಲೇ ಲಕ್ಷ್ಮಕ್ಕ ಅವನನ್ನು ತಡೆದರು. "ಬೀಡಿ ಸೇದಿ ಬಂದಿದೀಯಾ? ಒಳಕ್ಕೆ ಬರಬ್ಯಾಡ. ಮೊದ್ಲು ಬಾಯಿ ತೊಳಕೋ, ಕೈ ತೊಳಕೋ, ಆ ಪೆಟ್ರೋಲ್ ವಾಸನೆ ಅಂಗಿ ಬಿಚ್ಚಿಡು." ಐವತ್ತು ದಾಟಿದ ಗಂಡಸು ಬನಿಯನ್ನಿನಲ್ಲಿ, ಬರಿಗಾಲಲ್ಲಿ, ಔಷಧಿ ನೀರಿನಲ್ಲಿ ಪಾದ ಅದ್ದಿ ಒಳಗೆ ಹೋದ.

ಒಳಗೆ ತಂಪು, ಮಬ್ಬು ಬೆಳಕು. ಲಕ್ಷ್ಮಕ್ಕ ಒಂದು ಟ್ರೇ ಮೇಲಿನ ಕಾಗದ ಎತ್ತಿದರು. ಹೆಚ್ಚಿದ ಹಿಪ್ಪುನೇರಳೆ ಎಲೆಯ ಮೇಲೆ ರಾಗಿ ತೆನೆಯ ಎಸಳಿಗಿಂತ ಚಿಕ್ಕದಾದ ಬೂದುಬಣ್ಣದ ಹುಳುಗಳು, ಎಣಿಸಲಾಗದಷ್ಟು. ಒಂದೂ ಅಲುಗುತ್ತಿರಲಿಲ್ಲ. ಪ್ರತಿಯೊಂದೂ ತಲೆ ಎತ್ತಿ ಹಾಗೇ ನಿಂತಿತ್ತು, ಯಾರೋ ಕರೆದಿದ್ದಕ್ಕೆ ಕಿವಿಗೊಟ್ಟಂತೆ.

"ಸತ್ತಾವೇನ್ರಿ?" ಎಂದ, ದನಿ ತಗ್ಗಿಸಿ.

"ಜ್ವರಕ್ಕೆ ಕೂತವೆ. ಎರಡನೇ ಜ್ವರ. ಒಂದು ದಿನ ತಿನ್ನಲ್ಲ, ಅಲ್ಲಾಡಲ್ಲ. ಹಳೇ ಚರ್ಮ ಬಿಟ್ಟು ಏಳ್ತವೆ. ಈ ನಿದ್ದೆಯಾಗೇ ಅವನ್ನ ಒಯ್ಯಬೇಕು, ಆದ್ರೆ ನಿದ್ದೆ ಕೆಡಬಾರದು."

ಎರ್ರಿಸ್ವಾಮಿ ಬಾಗಿ ನೋಡುತ್ತಲೇ ನಿಂತ. ಈ ಊರಿಗೆ ಬಂದು ಇಪ್ಪತ್ತಾರು ವರ್ಷವಾಗಿತ್ತು. ರೇಷ್ಮೆ ಗೂಡು ತುಂಬಿದ ಚೀಲಗಳು ಹಿಂದೂಪುರದ ಬಸ್ ಹತ್ತುವುದನ್ನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದ. ಅವುಗಳ ಹಿಂದೆ ಇಂಥದೊಂದು ನಿಶ್ಶಬ್ದ ಇದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೊರಗೆ ಬಂದ ಮೇಲೂ ಸ್ವಲ್ಪ ಹೊತ್ತು ಅಂಗಿ ಹಾಕಿಕೊಳ್ಳುವುದನ್ನೇ ಮರೆತ.

ಗ್ಯಾರೇಜಿನಲ್ಲಿ ಮಾರಾಟಕ್ಕೆ ಮೂರು ಗಾಡಿಗಳಿದ್ದವು. ಒಂದು ನೂರೈವತ್ತು ಸಿಸಿಯದು, ನೋಡಲು ಭರ್ಜರಿ. ಇನ್ನೊಂದು ನೂರ ಇಪ್ಪತ್ತೈದರದು, ಹೆಚ್ಚು ಓಡಿರಲಿಲ್ಲ. ಮೂರನೆಯದು ಹನ್ನೊಂದು ವರ್ಷದ ನೂರು ಸಿಸಿ ಬೈಕು, ಬಣ್ಣ ಹೋಗಿತ್ತು. ವನಿತಾಳ ಕಣ್ಣು ಮೊದಲನೆಯದರ ಮೇಲಿತ್ತು.

ಎರ್ರಿಸ್ವಾಮಿ ಮನೆಯಿಂದ ಸ್ಟೀಲ್ ತಟ್ಟೆಯನ್ನೂ ಒಂದು ಹಿಡಿ ರಾಗಿಯನ್ನೂ ತಂದ. ತಟ್ಟೆಯನ್ನು ದೊಡ್ಡ ಗಾಡಿಯ ಕ್ಯಾರಿಯರಿಗೆ ಬಿಗಿದು, ರಾಗಿ ಹರಡಿ, ಸ್ಟ್ಯಾಂಡಿನ ಮೇಲೆ ಇಂಜಿನ್ ಚಾಲೂ ಮಾಡಿದ. ಕಾಳು ಒಮ್ಮೆಲೇ ಕುಣಿಯತೊಡಗಿತು. ರೇಸ್ ಕೊಟ್ಟಂತೆ ಒಂದು ಹಂತದಲ್ಲಿ ಅರ್ಧ ರಾಗಿ ನೆಲಕ್ಕೆ ಬಿತ್ತು. ಎರಡನೆಯ ಗಾಡಿಯಲ್ಲಿ ಕಾಳೆಲ್ಲ ಒಂದು ಮೂಲೆಗೆ ಹೋಗಿ ಗುಡ್ಡೆಯಾಯಿತು.

ಹಳೆಯ ಗಾಡಿಯಲ್ಲಿ ಮೊದಲು ನಡುಕವಿತ್ತು. ಆಕ್ಸಿಲರೇಟರನ್ನು ಸಣ್ಣಗೆ ತಿರುಗಿಸುತ್ತ ಹೋದಾಗ ತಟ್ಟೆಯ ಮೇಲಿನ ರಾಗಿ ಸಾಲುಸಾಲಾಗಿ ಸರಿಯಿತು, ನೇಗಿಲ ಗೆರೆಗಳ ಹಾಗೆ. ಇನ್ನೂ ಚೂರು ತಿರುಗಿಸಿದ. ಗೆರೆಗಳು ಕರಗಿ ಕಾಳುಗಳು ಇದ್ದಲ್ಲೇ ನಿಂತುಬಿಟ್ಟವು. ಇಂಜಿನ್ ಓಡುತ್ತಲೇ ಇತ್ತು, ರಾಗಿ ಮಾತ್ರ ಅಲುಗಲಿಲ್ಲ.

ವನಿತಾ ಬಾಯಿ ತೆರೆದು ನೋಡುತ್ತಿದ್ದಳು. ಎರ್ರಿಸ್ವಾಮಿಗೂ ಮೈ ಜುಮ್ಮೆಂದಿತು. ಇಂಜಿನ್ನಿನ ನಡುಕವನ್ನು ಅವನು ಕಿವಿಯಲ್ಲಿ ಕೇಳಿದ್ದ, ಅಂಗೈಯಲ್ಲಿ ಹಿಡಿದಿದ್ದ, ಕಣ್ಣಾರೆ ನೋಡಿದ್ದು ಇದೇ ಮೊದಲು. ಸದ್ದಿನ ಮೇಲೆಯೇ ವೇಗ ಅಂದಾಜು ಮಾಡಿ ಹೇಳಿದ: "ಮೂವತ್ತೈದು, ನಲವತ್ತರ ನಡುವ. ಅಷ್ಟರಾಗ ಓಡಿಸಿದ್ರ ಈ ಗಾಡಿ ತನ್ನ ನಡುಕ ತಾನೇ ನುಂಗತೈತಿ. ಇದನ್ನ ತಗೋ."

ಆಮೇಲೆ ಅವನು ಮೂವತ್ತು ವರ್ಷ ಮಾಡಿದ್ದನ್ನೆಲ್ಲ ತಿರುಗಾಮುರುಗಾ ಮಾಡಿದ. ಗಟ್ಟಿ ಸ್ಪ್ರಿಂಗು ತೆಗೆದು ಮೆತ್ತನೆಯದು ಹಾಕಿದ. ಟೈರಿನ ಗಾಳಿ ಇಳಿಸಿದ. ಪೆಟ್ರೋಲ್ ಹಬೆ ಹುಳುಗಳಿಗೆ ತಾಗಬಾರದೆಂದು ಟ್ಯಾಂಕಿನ ಮುಚ್ಚಳಕ್ಕೆ ಹೊಸ ರಬ್ಬರು, ಪೈಪುಗಳು ಹೊಸವು. ಸೈಲೆನ್ಸರಿನ ಕಾವು ತಡೆಯಲು ತಗಡಿನ ಮರೆ. ನಾಲ್ಕು ಟ್ರೇ ಕೂರುವ ಕಬ್ಬಿಣದ ಚೌಕಟ್ಟು ಮಾಡಿ, ಅದರೊಳಗೆ ಟ್ರೇಗಳನ್ನು ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ತೂಗುಹಾಕಿದ.

ಪರೀಕ್ಷೆಗೆಂದು ಲಕ್ಷ್ಮಕ್ಕ ಒಂದು ಟ್ರೇ ಹುಳು ಕೊಟ್ಟರು. ವನಿತಾ ಅಮರಾಪುರದ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ ತಿರುಗಿ ಬಂದಳು. ಕಾಗದ ಎತ್ತಿದರೆ ಹುಳುಗಳೆಲ್ಲ ಒಂದು ಬದಿಗೆ ಜಾರಿ ಒಂದರ ಮೇಲೊಂದು ಬಿದ್ದಿದ್ದವು. ಎತ್ತಿದ ತಲೆ ಒಂದೂ ಇರಲಿಲ್ಲ.

ಲಕ್ಷ್ಮಕ್ಕ ಬೈಯಲಿಲ್ಲ. ಕೋಳಿ ಗರಿಯಿಂದ ಹುಳುಗಳನ್ನು ಬಿಡಿಸುತ್ತ, "ಜ್ವರ ಬಂದ ಮಗೂನ ಎತ್ತಿ ಕುಲುಕಿದಂಗಾಯ್ತಲ್ಲಪ್ಪ," ಎಂದರಷ್ಟೆ. ಆ ಮಾತು ಎರ್ರಿಸ್ವಾಮಿಗೆ ಚುಚ್ಚಿತು. ಮಧ್ಯಾಹ್ನ ಊಟಕ್ಕೆ ಕೂತವನು ಮುದ್ದೆ ಮುರಿಯದೆ ಗಾಡಿಯನ್ನೇ ನೋಡುತ್ತಿದ್ದ.

ಕದರಮ್ಮ ಎದ್ದು ಹೋಗಿ ತೂಗುಹಾಕಿದ ಟ್ರೇಯನ್ನು ಬೆರಳಿನಿಂದ ತಳ್ಳಿದಳು. ಅದು ಆಚೆ ಈಚೆ ತೂಗಿತು, ನಿಲ್ಲಲು ಬಹಳ ಹೊತ್ತು ಹಿಡಿಯಿತು.

"ರಬ್ಬರು ತಿರುಗಿ ಎಗರುತ್ತೆ," ಎಂದಳು. "ಉಣ್ಣೆ ಎಗರಲ್ಲ."

"ಏನಂದಿ?"

"ನಮ್ಮಪ್ಪನ ಮನೇಲಿ ಉಣ್ಣೆ ರಾಶಿ ಮ್ಯಾಲೆ ಎಷ್ಟು ಕುಣಿದ್ರೂ ಮ್ಯಾಕ್ಕೆ ಹಾರೋಕೆ ಆಗ್ತಿರಲಿಲ್ಲ. ಬಿದ್ರೆ ಬಿದ್ದಂಗೇ. ಒಳಕ್ಕೆ ಎಳಕೊಂಬಿಡೋದು."

ಎರ್ರಿಸ್ವಾಮಿ ಹೆಂಡತಿಯ ಮುಖವನ್ನು ಹೊಸದಾಗಿ ನೋಡುವವನಂತೆ ನೋಡಿದ. ಕುರಿ ಸಾಕುವ ಮನೆಯ ಮಗಳು, ಗ್ಯಾರೇಜಿನ ಒಂದು ಬೋಲ್ಟನ್ನೂ ಮುಟ್ಟಿದವಳಲ್ಲ. ಅದೇ ಸಂಜೆ ಭಾವಮೈದುನನ ಹಟ್ಟಿಯಿಂದ ಎರಡು ಚೀಲ ಉಣ್ಣೆ ಬಂತು. ಕದರಮ್ಮ ಅದನ್ನು ವಾಸನೆ ಹೋಗುವವರೆಗೆ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ, ಹಳೆಯ ಪಂಚೆಯಲ್ಲಿ ದಿಂಬುಗಳಾಗಿ ಹೊಲಿದಳು. ಟ್ಯೂಬಿನ ಪಟ್ಟಿಗಳು ಹೋದವು. ಪ್ರತಿ ಟ್ರೇಯ ಕೆಳಗೆ, ನಾಲ್ಕೂ ಬದಿಗೆ ಉಣ್ಣೆ ಬಂತು. ಈ ಸಲ ತಳ್ಳಿದರೆ ಟ್ರೇ ಒಂದಿಷ್ಟು ಸರಿದು ಅಲ್ಲೇ ನಿಂತಿತು.

ಫೆಬ್ರವರಿಯ ಒಂದು ಬೆಳಿಗ್ಗೆ ತಂಪು ಹೊತ್ತಿನಲ್ಲಿ ನಾಲ್ಕು ಟ್ರೇ ಹುಳು ಹೊರಟವು. ಅಮರಾಪುರದಾಚೆಯ ಹಟ್ಟಿಯ ವೆಂಕಟಪ್ಪ ಎಂಬ ರೈತನ ಹುಳುಮನೆಗೆ ಇಪ್ಪತ್ತೆರಡು ಕಿಲೋಮೀಟರ್. ಕೊನೆಯ ನಾಲ್ಕು ಬರೀ ಕಲ್ಲುದಾರಿ. ವನಿತಾ ಮುಂದೆ, ಎರ್ರಿಸ್ವಾಮಿ ಇನ್ನೊಂದು ಗಾಡಿಯಲ್ಲಿ ಹಿಂದೆ. ಅವಳ ಹಿಂದಿನ ಚಕ್ರ ಕಲ್ಲು ಹತ್ತಿ ಇಳಿದಾಗೆಲ್ಲ ಅವನು ಉಸಿರು ಬಿಗಿಹಿಡಿದ. ಚಕ್ರ ಹಾರುತ್ತಿತ್ತು, ಚೌಕಟ್ಟು ಅಲುಗುತ್ತಿತ್ತು. ಒಳಗೇನಾಗುತ್ತಿದೆಯೋ ಕಾಣುವಂತಿರಲಿಲ್ಲ.

ವೆಂಕಟಪ್ಪ ಟ್ರೇ ಇಳಿಸಿ ಕಾಗದ ಎತ್ತಿದ. ನಲವತ್ತು ಸಾವಿರ ಹುಳು ಒಂದರ ಮೇಲೊಂದು ಬೀಳದೆ, ತಲೆ ಎತ್ತಿ ಹಾಗೇ ಕೂತಿದ್ದವು.

"ಇವಕ್ಕೆ ಊರು ಬಿಟ್ಟಿದ್ದೇ ಗೊತ್ತಿಲ್ಲ ನೋಡು," ಎಂದ ವೆಂಕಟಪ್ಪ.

ವನಿತಾ ಅಲ್ಲೇ ಗೋಡೆಗೊರಗಿ ಕೂತು ಅತ್ತಳು. ಎರ್ರಿಸ್ವಾಮಿ ಕೈ ಮುಗಿದ. ಯಾರಿಗೆಂದು ಅವನಿಗೇ ತಿಳಿಯಲಿಲ್ಲ.

ಮರುದಿನ ಮನಸ್ಸು ತಡೆಯದೆ ಅವನು ಒಬ್ಬನೇ ಮತ್ತೆ ಅಲ್ಲಿಗೆ ಹೋದ. ಹುಳುಗಳು ಎದ್ದಿದ್ದವು. ಕೂದಲೆಳೆಯಷ್ಟು ಹಗುರವಾದ ಹಳೆಯ ಚರ್ಮಗಳು ಅವುಗಳ ಹಿಂದೆ ಬಿದ್ದಿದ್ದವು. ವೆಂಕಟಪ್ಪ ಮೊದಲ ಸೊಪ್ಪು ಹಾಕಿದ. ಎರ್ರಿಸ್ವಾಮಿ ಟ್ರೇಗೆ ಕಿವಿ ತಂದು ಕಣ್ಣು ಮುಚ್ಚಿದ.

"ಈ ವಯಸ್ಸಲ್ಲಿ ತಿನ್ನೋ ಸದ್ದು ಬರಲ್ಲಪ್ಪ," ಎಂದ ವೆಂಕಟಪ್ಪ. "ದೊಡ್ಡವಾದ ಮ್ಯಾಲೆ ಕೇಳುತ್ತೆ."

"ಕೇಳಸ್ತೈತ್ರಿ," ಎಂದ ಎರ್ರಿಸ್ವಾಮಿ. "ಉಣ್ಣಾಕತ್ತಾವ."

ಈಗ ವನಿತಾ ವಾರಕ್ಕೆ ಮೂರು ದಿನ ಹುಳು ಒಯ್ಯುತ್ತಾಳೆ, ಉಳಿದ ದಿನ ಪಾರ್ಸೆಲ್. ಪಾವಗಡದ ಕಡೆಯ ಒಬ್ಬರು ಅಂಥದೇ ಗಾಡಿ ಬೇಕೆಂದು ಬಂದಿದ್ದರು. ಅದರ ದಿಂಬುಗಳನ್ನು ಕದರಮ್ಮ ಹೊಲಿಯುತ್ತಿದ್ದಾಳೆ. ಎರ್ರಿಸ್ವಾಮಿ ಬೀಡಿ ಬಿಟ್ಟಿಲ್ಲ. ಆದರೆ ಬೆಳಿಗ್ಗೆ ಗ್ಯಾರೇಜಿನ ಮುಂದೆ ವನಿತಾಳ ಗಾಡಿ ಟ್ರೇ ಹೊತ್ತು ಬರುವುದು ಕಂಡರೆ, ರಿಪೇರಿಯಲ್ಲಿರುವ ಇಂಜಿನ್ನನ್ನು ಬಂದ್ ಮಾಡುತ್ತಾನೆ. ಗಿರಾಕಿಗಳು ಯಾಕೆಂದು ಕೇಳಿದರೆ ರಸ್ತೆಯ ಕಡೆ ಕೈ ತೋರಿಸಿ, "ಹೋಗಲಿ ತಡೀರಿ, ಮಕ್ಕೊಂಡಾವ," ಎನ್ನುತ್ತಾನೆ.